ಉಪ್ಪು ಹೆಚ್ಚಿದರೆ ತುಕ್ಕು ಏಕೆ ಕಡಿಮೆ? ಸಾರತೆ ಮತ್ತು ರಾಸಾಯನಿಕ ಕ್ರಿಯೆಯ ವೇಗ

ಒಂದೇ ಪೊಟ್ಟಣದಿಂದ ಮೂರು ಕಬ್ಬಿಣದ ಮೊಳೆ ತೆಗೆಯಿರಿ. ಒಂದನ್ನು ನೇತ್ರಾವತಿಯ ಸಿಹಿನೀರಿಗೆ, ಇನ್ನೊಂದನ್ನು ಮಲ್ಪೆ ಕಡಲಿನ ನೀರಿಗೆ, ಮೂರನೆಯದನ್ನು ಇನ್ನು ಒಂದು ಚಿಟಿಕೆಯೂ ಕರಗದು ಎಂಬಷ್ಟು ಉಪ್ಪು ಕರಗಿಸಿದ ನೀರಿಗೆ ಹಾಕಿ. ಯಾವುದು ಬೇಗ ತುಕ್ಕು ಹಿಡಿಯುತ್ತದೆ? ಉಪ್ಪುಗಾಳಿಗೆ ಕಿಟಕಿಯ ಸರಳು, ಗೇಟಿನ ಬಿಜಾಗರಿ, ಬೋಟಿನ ಬೋಲ್ಟು ಸವೆದುಹೋಗುವುದನ್ನು ನೋಡುತ್ತಲೇ ಬೆಳೆದ ಕರಾವಳಿಯ ಮಕ್ಕಳು ಹಿಂದೆಮುಂದೆ ನೋಡದೆ ಮೂರನೆಯದು ಎನ್ನುತ್ತಾರೆ. ಆದರೆ ಬೇಗ ಹಾಳಾಗುವುದು ಎರಡನೆಯ ಮೊಳೆ. ಅತಿ ಉಪ್ಪಿನ ನೀರಿನಲ್ಲಿರುವ ಮೊಳೆಯೋ, ಸಿಹಿನೀರಿನ ಮೊಳೆಗಿಂತಲೂ ನಿಧಾನವಾಗಿ ತುಕ್ಕು ಹಿಡಿಯುತ್ತದೆ.

‘ಸಾರತೆ ಹೆಚ್ಚಿದರೆ ಕ್ರಿಯೆಯ ವೇಗ ಹೆಚ್ಚುತ್ತದೆ’ ಎಂಬ ವಾಕ್ಯವನ್ನು ವಿಜ್ಞಾನ ಓದಿದವರೆಲ್ಲ ಒಮ್ಮೆಯಾದರೂ ಉತ್ತರಪತ್ರಿಕೆಯಲ್ಲಿ ಬರೆದಿರುತ್ತಾರೆ. ವಾಕ್ಯ ಸುಳ್ಳಲ್ಲ. ಆದರೆ ಯಾವ ವಸ್ತುವಿನ ಸಾರತೆ, ಎಲ್ಲಿಯವರೆಗೆ ಎಂಬ ಎರಡು ಪ್ರಶ್ನೆಗಳನ್ನು ಕೇಳದೆ ಅದನ್ನು ಬಾಯಿಪಾಠ ಮಾಡಿದರೆ ಮೇಲಿನ ಮೊಳೆಯ ಲೆಕ್ಕ ಎಂದಿಗೂ ಬಿಡಿಸಲಾಗದು. ನನಗೆ ಈ ಎರಡು ಪ್ರಶ್ನೆಗಳೇ ರಸಾಯನಶಾಸ್ತ್ರದ ಈ ಅಧ್ಯಾಯದ ಜೀವಾಳ.

ಮೊದಲು ಸಾರತೆ ಎಂದರೇನು ಎಂಬುದನ್ನು ಸ್ಪಷ್ಟ ಮಾಡಿಕೊಳ್ಳೋಣ. ಅಡಿಕೆಗೆ ಕೊಳೆರೋಗ ಬಾರದಂತೆ ಮದ್ದು ಬಿಡುವ ನಮ್ಮ ಕೃಷಿಕರಿಗೆ ಇದು ಚೆನ್ನಾಗಿ ಗೊತ್ತು. ಶೇಕಡಾ 1ರ ಬೋರ್ಡೋ ದ್ರಾವಣಕ್ಕೆ 100 ಲೀಟರ್ ನೀರು, 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ. ಆ ದ್ರಾವಣ ಡ್ರಮ್ಮಿನ ತುಂಬ ಇದ್ದರೂ ಒಂದು ಚೊಂಬಿನಲ್ಲಿ ಇದ್ದರೂ ಅದು ಶೇಕಡಾ 1ರ ದ್ರಾವಣವೇ. ಒಟ್ಟು ಎಷ್ಟಿದೆ ಎಂಬುದು ಪ್ರಮಾಣ. ಪ್ರತಿ ಲೀಟರಿನಲ್ಲಿ ಎಷ್ಟಿದೆ ಎಂಬುದು ಸಾರತೆ. ರಸಾಯನಶಾಸ್ತ್ರಜ್ಞರು ಕಿಲೋ ಬದಲು ಮೋಲ್ ಬಳಸುತ್ತಾರೆ. ಒಂದು ಮೋಲ್ ಎಂದರೆ ಸುಮಾರು 6.022 × 10²³ ಕಣಗಳು. ತೂಕದ ಬದಲು ಕಣಗಳ ಎಣಿಕೆಯನ್ನೇ ಹಿಡಿಯಲು ಕಾರಣವಿದೆ: ಕ್ರಿಯೆ ನಡೆಯುವುದು ಕಣ ಕಣಗಳ ನಡುವೆ.

ಪ್ರಮಾಣಕ್ಕೂ ಸಾರತೆಗೂ ಇರುವ ವ್ಯತ್ಯಾಸವನ್ನು ಅಡುಗೆಮನೆಯಲ್ಲಿಯೇ ಕಣ್ಣಾರೆ ನೋಡಬಹುದು. ಮರುವಾಯಿ (ಕಪ್ಪೆಚಿಪ್ಪು) ಸುಕ್ಕ ಮಾಡಿದ ದಿನ ಉಳಿಯುವ ಚಿಪ್ಪುಗಳನ್ನು ತೊಳೆದು ಒಣಗಿಸಿಡಿ. ಚಿಪ್ಪಿನ ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್. ಹೆಚ್ಚುಕಡಿಮೆ ಒಂದೇ ಗಾತ್ರದ ಮೂರು ಚಿಪ್ಪು ಆರಿಸಿ, ಒಂದನ್ನು ಅರ್ಧ ಲೋಟ ವಿನೆಗರಿಗೆ, ಇನ್ನೊಂದನ್ನು ಒಂದು ಪಾಲು ವಿನೆಗರಿಗೆ ಮೂರು ಪಾಲು ನೀರು ಬೆರೆಸಿದ ಅರ್ಧ ಲೋಟಕ್ಕೆ, ಮತ್ತೊಂದನ್ನು ವಿನೆಗರ್ ತುಂಬಿದ ದೊಡ್ಡ ಪಾತ್ರೆಗೆ ಹಾಕಿ. ಚಿಪ್ಪಿನ ಮೈಮೇಲೆ ಏಳುವ ಗುಳ್ಳೆಗಳು ಇಂಗಾಲದ ಡೈಆಕ್ಸೈಡ್. ನೀರು ಬೆರೆಸಿದ ಲೋಟದಲ್ಲಿ ಗುಳ್ಳೆಗಳು ಮಂದವಾಗಿ ಏಳುತ್ತವೆ. ದೊಡ್ಡ ಪಾತ್ರೆಯಲ್ಲಿ ಆಮ್ಲ ಎಷ್ಟೋ ಪಟ್ಟು ಹೆಚ್ಚಿದ್ದರೂ, ಗುಳ್ಳೆಗಳ ಆರಂಭದ ರಭಸ ಅರ್ಧ ಲೋಟ ವಿನೆಗರಿನಲ್ಲಿ ಇದ್ದಷ್ಟೇ. ಚಿಪ್ಪಿನ ಮೈಯನ್ನು ಮುಟ್ಟುತ್ತಿರುವ ದ್ರವದಲ್ಲಿ ಆಮ್ಲ ಎಷ್ಟು ದಟ್ಟವಾಗಿದೆ ಎಂಬುದಷ್ಟೇ ಆ ಕ್ಷಣದ ವೇಗಕ್ಕೆ ಮುಖ್ಯ. ದೂರದಲ್ಲಿರುವ ಆಮ್ಲ ಕ್ರಿಯೆ ಹೆಚ್ಚು ಹೊತ್ತು ನಡೆಯಲು ನೆರವಾದೀತು, ಬೇಗ ನಡೆಯಲು ಅಲ್ಲ.

ಇನ್ನೂ ಸ್ವಲ್ಪ ಹೊತ್ತು ಅಲ್ಲಿಯೇ ನಿಂತು ನೋಡಿ. ಅರ್ಧ ಲೋಟದಲ್ಲಿ ಮೊದಲಿದ್ದ ಬಿರುಸು ಕ್ರಮೇಣ ಇಳಿಯುತ್ತದೆ. ಚಿಪ್ಪು ಇನ್ನೂ ಉಳಿದಿದೆ, ಆಮ್ಲ ಖರ್ಚಾಗುತ್ತಿದೆ. ಹಾಗಾಗಿ ಒಂದು ಕ್ರಿಯೆಯ ವೇಗ ಇಷ್ಟು ಎಂದು ಒಂದೇ ಸಂಖ್ಯೆ ಹೇಳಲಾಗದು. ಯಾವ ಕ್ಷಣದಲ್ಲಿ ಎಂದೂ ಹೇಳಬೇಕು. ಚಿಪ್ಪನ್ನು ಕುಟ್ಟಿ ಪುಡಿ ಮಾಡಿದರೆ ಗುಳ್ಳೆಗಳು ಒಮ್ಮೆಲೇ ನುಗ್ಗುತ್ತವೆ. ಗಟ್ಟಿ ವಸ್ತುವಿನ ಮಟ್ಟಿಗೆ ಮೇಲ್ಮೈಯದೇ ಲೆಕ್ಕ.

ಸಾರತೆ ಹೆಚ್ಚಿದಾಗ ಒಳಗೆ ಆಗುವುದೇನು? ಪರ್ಯಾಯದ ರಾತ್ರಿ ಉಡುಪಿಯ ರಥಬೀದಿಯಲ್ಲಿ ನಡೆದವರಿಗೆ ಇದು ಮೈಗೇ ಗೊತ್ತು. ಬೀದಿಯ ಅಗಲ ಅಷ್ಟೇ, ಜನ ಮಾತ್ರ ಹತ್ತು ಪಟ್ಟು. ಹೆಜ್ಜೆಗೊಬ್ಬರ ಭುಜ ತಾಗುತ್ತದೆ. ಕೆಂಪು ಶಾಲಿನವರು ನೂರು ಮಂದಿ, ಹಸಿರು ಶಾಲಿನವರು ನೂರು ಮಂದಿ ಮನಸ್ಸಿಗೆ ಬಂದಂತೆ ಓಡಾಡುತ್ತಿದ್ದಾರೆ ಎಂದುಕೊಳ್ಳಿ. ಕೆಂಪು ಶಾಲಿನವರು ಇನ್ನೂರಾದರೆ ಕೆಂಪು–ಹಸಿರು ಡಿಕ್ಕಿಗಳು ಇಮ್ಮಡಿಯಾಗುತ್ತವೆ. ಎರಡೂ ಗುಂಪು ಇಮ್ಮಡಿಯಾದರೆ ಡಿಕ್ಕಿಗಳು ನಾಲ್ಕು ಪಟ್ಟು. ಅಣುಗಳ ಲೋಕದಲ್ಲಿಯೂ ಗುಣಾಕಾರ ಇದೇ. ಆದರೆ ಡಿಕ್ಕಿ ಹೊಡೆದ ಮಾತ್ರಕ್ಕೆ ಕ್ರಿಯೆ ನಡೆಯುವುದಿಲ್ಲ. ನಮ್ಮ ಸುತ್ತಲಿನ ಗಾಳಿಯ ಒಂದೊಂದು ಅಣುವೂ ಸೆಕೆಂಡಿಗೆ ನೂರಾರು ಕೋಟಿ ಸಲ ಬೇರೆ ಅಣುಗಳಿಗೆ ಡಿಕ್ಕಿ ಹೊಡೆಯುತ್ತಲೇ ಇರುತ್ತದೆ, ಆದರೂ ಗಾಳಿ ಗಾಳಿಯಾಗಿಯೇ ಇದೆ. ಹಳೆಯ ಬಂಧ ಮುರಿಯುವಷ್ಟು ಶಕ್ತಿ ಬೇಕು, ಸರಿಯಾದ ದಿಕ್ಕಿನಿಂದ ತಾಗಬೇಕು. 1916ರಲ್ಲಿ ಜರ್ಮನಿಯ ಮ್ಯಾಕ್ಸ್ ಟ್ರೌಟ್ಸ್, 1918ರಲ್ಲಿ ಇಂಗ್ಲೆಂಡಿನ ವಿಲಿಯಂ ಲೂಯಿಸ್ ಬೇರೆ ಬೇರೆಯಾಗಿ ಕಟ್ಟಿದ ಡಿಕ್ಕಿ ಸಿದ್ಧಾಂತದ ಸಾರ ಇದು. ಸಾರತೆ ಹೆಚ್ಚಿಸಿದಾಗ ಡಿಕ್ಕಿಗಳ ಸಂಖ್ಯೆ ಮಾತ್ರ ಹೆಚ್ಚುತ್ತದೆ. ನೂರರಲ್ಲಿ ಎಷ್ಟು ಡಿಕ್ಕಿ ಫಲ ಕೊಡುತ್ತದೆ ಎಂಬ ಅನುಪಾತ ಬದಲಾಗುವುದಿಲ್ಲ. ಆ ಅನುಪಾತವನ್ನು ಬದಲಿಸುವುದು ಉಷ್ಣತೆ ಮತ್ತು ಕ್ರಿಯಾವರ್ಧಕ, ಅಂದರೆ ತಾನು ಖರ್ಚಾಗದೆ ಕ್ರಿಯೆಯ ವೇಗ ಹೆಚ್ಚಿಸುವ ವಸ್ತು. ಪರೀಕ್ಷೆಯಲ್ಲಿ ವಿದ್ಯಾರ್ಥಿಗಳು ಹೆಚ್ಚಾಗಿ ಗೊಂದಲ ಮಾಡಿಕೊಳ್ಳುವುದು ಇಲ್ಲಿಯೇ.

ಅನಿಲಗಳಿಗೆ ಒತ್ತಡವೇ ಸಾರತೆ. ಅದೇ ಜಾಗಕ್ಕೆ ಹೆಚ್ಚು ಅಣುಗಳನ್ನು ತುಂಬುವುದೆಂದರೆ ಒತ್ತಡ ಹೆಚ್ಚಿಸುವುದು. ಪಣಂಬೂರಿನ ರಸಗೊಬ್ಬರ ಕಾರ್ಖಾನೆಯಂತಹ ಕಡೆ ಯೂರಿಯಾಕ್ಕೆ ಬೇಕಾದ ಅಮೋನಿಯಾ ತಯಾರಿಸುವಾಗ ಸಾರಜನಕ ಮತ್ತು ಜಲಜನಕವನ್ನು ಅಷ್ಟೊಂದು ಒತ್ತುವುದಕ್ಕೆ ಇದೂ ಒಂದು ಕಾರಣ.

ಪಿಯುಸಿ ಪ್ರಯೋಗಾಲಯಕ್ಕೆ ಬರೋಣ. ಸೋಡಿಯಂ ಥಯೋಸಲ್ಫೇಟ್ ಮತ್ತು ಹೈಡ್ರೋಕ್ಲೋರಿಕ್ ಆಮ್ಲದ ಪ್ರಯೋಗದಷ್ಟು ಕಡಿಮೆ ಸಲಕರಣೆಯಲ್ಲಿ ಇಷ್ಟು ಹೆಚ್ಚು ಕಲಿಸುವ ಪ್ರಯೋಗ ಇನ್ನೊಂದಿಲ್ಲ ಎಂದು ನಾನು ನಂಬಿದ್ದೇನೆ. ಬಿಳಿ ಕಾಗದದ ಮೇಲೆ ಪೆನ್ನಿನಿಂದ ಗಾಢವಾಗಿ ಒಂದು ಇಂಟು ಗುರುತು ಹಾಕಿ, ಅದರ ಮೇಲೆ ಶಂಕುವಿನಾಕಾರದ ಫ್ಲಾಸ್ಕ್ ಇಡಬೇಕು. ಅದರಲ್ಲಿ 50 ಮಿಲಿಲೀಟರ್ ಥಯೋಸಲ್ಫೇಟ್ ದ್ರಾವಣ. 10 ಮಿಲಿಲೀಟರ್ ಆಮ್ಲ ಸುರಿದ ಕೂಡಲೇ ಗಡಿಯಾರ ಒತ್ತಿ, ಮೇಲಿನಿಂದ ನೇರವಾಗಿ ನೋಡುತ್ತಿರಬೇಕು. ಮೊದಲು ಏನೂ ಆಗದಂತೆ ಕಾಣುತ್ತದೆ. ಆಮೇಲೆ ದ್ರಾವಣಕ್ಕೆ ತೆಳುವಾದ ನೀಲಿ ಛಾಯೆಯ ಮಬ್ಬು. ಮಬ್ಬು ಹಾಲಿನಂತಾಗಿ, ಹಳದಿಗೆ ತಿರುಗಿ, ಇಂಟು ಗುರುತಿನ ಅಂಚು ಕರಗಿ, ಕೊನೆಗೆ ಗುರುತೇ ಮಾಯ. ಆ ಕ್ಷಣ ಗಡಿಯಾರ ನಿಲ್ಲಿಸಬೇಕು. ಕ್ರಿಯೆಯಲ್ಲಿ ಹುಟ್ಟಿದ ಗಂಧಕದ ಸಣ್ಣ ಕಣಗಳು ನೀರಿನಲ್ಲಿ ಕರಗದೆ ತೇಲುತ್ತ ಬೆಳಕನ್ನು ಚದುರಿಸುವುದರಿಂದ ಹೀಗಾಗುತ್ತದೆ.

ಮುಂದಿನ ಸರದಿಗೆ 40 ಮಿಲಿಲೀಟರ್ ದ್ರಾವಣ, 10 ಮಿಲಿಲೀಟರ್ ನೀರು. ಆಮೇಲೆ 30ಕ್ಕೆ 20, 20ಕ್ಕೆ 30, 10ಕ್ಕೆ 40. ನೀರು ಸೇರಿಸುವುದು ಏಕೆ ಎಂದು ಮಕ್ಕಳನ್ನು ಕೇಳಲೇಬೇಕು. ಒಟ್ಟು ಅಳತೆ ಒಂದೇ ಇದ್ದರೆ ಫ್ಲಾಸ್ಕಿನಲ್ಲಿ ದ್ರವದ ಆಳ ಒಂದೇ ಇರುತ್ತದೆ. ಆಳ ಒಂದೇ ಇದ್ದರೆ ಗುರುತನ್ನು ಮರೆಮಾಡಲು ಬೇಕಾಗುವ ಗಂಧಕವೂ ಪ್ರತಿ ಸಲ ಒಂದೇ. ಆಮ್ಲದ ಸಾರತೆಯೂ ಬದಲಾಗದೆ ಉಳಿಯುತ್ತದೆ. ಹೀಗೆ ಒಂದೇ ಒಂದು ವಿಷಯವನ್ನು ಬದಲಿಸಿ ಉಳಿದೆಲ್ಲವನ್ನೂ ಕಟ್ಟಿಹಾಕಿದ ಮೇಲೆ ತಾನೇ ಉತ್ತರಕ್ಕೆ ಬೆಲೆ! ಅಷ್ಟೇ ಗಂಧಕ ಹುಟ್ಟಲು ಅರ್ಧ ಸಮಯ ಸಾಕಾದರೆ ವೇಗ ಇಮ್ಮಡಿ ಎಂದರ್ಥ. ಹಾಗಾಗಿ 1ನ್ನು ಸಮಯದಿಂದ ಭಾಗಿಸಿದರೆ ವೇಗದ ಅಳತೆ ಸಿಗುತ್ತದೆ. ಅದನ್ನು ಥಯೋಸಲ್ಫೇಟಿನ ಸಾರತೆಯ ಎದುರು ಗ್ರಾಫ್ ಹಾಳೆಯಲ್ಲಿ ಗುರುತಿಸಿದರೆ ಬಿಂದುಗಳು ಹೆಚ್ಚುಕಡಿಮೆ ನೇರ ಗೆರೆಯಲ್ಲಿ ಕೂರುತ್ತವೆ. ಪೂರ್ಣ ಸಾರತೆಯಲ್ಲಿ 30 ಸೆಕೆಂಡ್ ಹಿಡಿದಿತ್ತು ಎಂದಿಟ್ಟುಕೊಂಡರೆ, ಅರ್ಧ ಸಾರತೆಯಲ್ಲಿ ಸುಮಾರು 60, ಐದನೆಯ ಒಂದರಲ್ಲಿ ಸುಮಾರು 150 ಸೆಕೆಂಡ್ ಎಂದು ಮೊದಲೇ ಲೆಕ್ಕ ಹಾಕಬಹುದು.

ಈಗ ಥಯೋಸಲ್ಫೇಟನ್ನು ಹಾಗೆಯೇ ಇಟ್ಟು ಆಮ್ಲವನ್ನು ಹೆಚ್ಚಿಸಿ ನೋಡಿ. ಆಮ್ಲ ಆಗಲೇ ಸಾಕಷ್ಟು ಇದ್ದರೆ ಸಮಯದಲ್ಲಿ ಆಗುವ ವ್ಯತ್ಯಾಸ ತೀರ ಅಲ್ಪ. ಸಮೀಕರಣದಲ್ಲಿ ಥಯೋಸಲ್ಫೇಟ್ ಒಂದು, ಆಮ್ಲ ಎರಡು! ಕಾಗದದ ಮೇಲೆ ದೊಡ್ಡದಾಗಿ ಕಾಣುವ ವಸ್ತು ವೇಗದ ಲೆಕ್ಕದಲ್ಲಿ ಹಿಂದೆ ಸರಿದುಬಿಡುತ್ತದೆ.

ಒಂದು ಕಿವಿಮಾತು: ಈ ಕ್ರಿಯೆಯಲ್ಲಿ ಗಂಧಕದ ಜೊತೆಗೆ ಸಲ್ಫರ್ ಡೈಆಕ್ಸೈಡ್ ಅನಿಲವೂ ಹುಟ್ಟುತ್ತದೆ. ಉಬ್ಬಸ ಇರುವ ಮಕ್ಕಳಿಗೆ ಅದು ಸಲ್ಲದು. ಹೊರಗೆ ಜಡಿಮಳೆ ಸುರಿಯುತ್ತಿದೆಯೆಂದು ಪ್ರಯೋಗಾಲಯದ ಕಿಟಕಿಗಳನ್ನು ಮುಚ್ಚಬಾರದು. ಮುಗಿದ ಫ್ಲಾಸ್ಕುಗಳನ್ನು ಸಾಲಾಗಿ ಮೇಜಿನ ಮೇಲೆ ಬಿಡದೆ ಕೂಡಲೇ ವಾಷಿಂಗ್ ಸೋಡಾ ಕರಗಿಸಿದ ನೀರಿಗೆ ಸುರಿಯಬೇಕು.

ವೇಗವನ್ನು ಹೀಗೆ ಅಂಕಿಗಳಲ್ಲಿ ಹಿಡಿಯಲು ಮನುಷ್ಯ ಕಲಿತು ಇನ್ನೂ ಇನ್ನೂರು ವರ್ಷವಾಗಿಲ್ಲ. 1850ರಲ್ಲಿ ಜರ್ಮನಿಯ ಲುಡ್ವಿಗ್ ವಿಲ್ಹೆಲ್ಮಿ ಆಮ್ಲ ಬೆರೆಸಿದ ಸಕ್ಕರೆ ನೀರಿನ ಮೂಲಕ ಧ್ರುವೀಕೃತ ಬೆಳಕನ್ನು (ಒಂದೇ ಸಮತಲದಲ್ಲಿ ಕಂಪಿಸುವ ಬೆಳಕು) ಹಾಯಿಸಿದರು. ಸಕ್ಕರೆ ಆ ಬೆಳಕನ್ನು ಬಲಕ್ಕೆ ತಿರುಗಿಸುತ್ತದೆ. ಅದು ಒಡೆದು ಗ್ಲೂಕೋಸ್ ಮತ್ತು ಫ್ರಕ್ಟೋಸ್ ಆದಾಗ ಆ ಮಿಶ್ರಣ ಎಡಕ್ಕೆ ತಿರುಗಿಸುತ್ತದೆ. ಹಾಗಾಗಿ ದ್ರಾವಣವನ್ನು ಮುಟ್ಟದೆಯೇ, ಯಾವ ಕ್ಷಣಕ್ಕೆ ಎಷ್ಟು ಸಕ್ಕರೆ ಉಳಿದಿದೆ ಎಂದು ಓದಬಹುದಾಗಿತ್ತು. ಅವರು ಕಂಡದ್ದು ಇಷ್ಟು: ಸಕ್ಕರೆ ಒಡೆಯುವ ವೇಗ ಆ ಕ್ಷಣದಲ್ಲಿ ಉಳಿದಿರುವ ಸಕ್ಕರೆಗೆ ಅನುಪಾತದಲ್ಲಿದೆ. ಅಂದರೆ ಅರ್ಧ ಮುಗಿಯಲು ಒಂದು ಗಂಟೆ ಹಿಡಿದರೆ, ಉಳಿದರ್ಧದ ಅರ್ಧಕ್ಕೂ ಒಂದು ಗಂಟೆ. 1864ರಲ್ಲಿ ನಾರ್ವೆಯ ಇಬ್ಬರು ಷಡ್ಡಕರು, ಗಣಿತಜ್ಞ ಗುಲ್ಡ್‌ಬರ್ಗ್ ಮತ್ತು ರಸಾಯನಶಾಸ್ತ್ರಜ್ಞ ವಾಗೆ, ವಸ್ತುಗಳ ಸಾರತೆಗೂ ಕ್ರಿಯೆಗೂ ಇರುವ ನಂಟನ್ನು ನಿಯಮದ ರೂಪದಲ್ಲಿ ಹೇಳಿದರು. ನಾರ್ವೆಯ ಭಾಷೆಯಲ್ಲಿದ್ದ ಆ ಬರಹವನ್ನು ಹೊರಗಿನವರು ಆಗ ಹೆಚ್ಚು ಗಮನಿಸಲಿಲ್ಲ. 1884ರಲ್ಲಿ ವಾನ್ಟ್ ಹಾಫ್ ತಮ್ಮ ಗ್ರಂಥದಲ್ಲಿ ಈ ವಿಷಯವನ್ನೆಲ್ಲ ಶಾಸ್ತ್ರೀಯವಾಗಿ ಕಟ್ಟಿದರು; 1901ರ ಮೊಟ್ಟಮೊದಲ ರಸಾಯನಶಾಸ್ತ್ರ ನೊಬೆಲ್ ಅವರ ಪಾಲಾಯಿತು.

ಇಲ್ಲಿಂದ ಬಂದದ್ದೇ ದರ ನಿಯಮ. ವೇಗವೆಂದರೆ ಒಂದು ಸ್ಥಿರಾಂಕವನ್ನು ಪ್ರತಿ ವಸ್ತುವಿನ ಸಾರತೆಯ ಒಂದೊಂದು ಘಾತದಿಂದ ಗುಣಿಸಿದ ಫಲ. ಆ ಘಾತಕ್ಕೆ ಆರ್ಡರ್ ಎನ್ನುತ್ತಾರೆ. ಆರ್ಡರ್ ಒಂದಾದರೆ ಸಾರತೆ ಇಮ್ಮಡಿಸಿದಾಗ ವೇಗ ಇಮ್ಮಡಿ. ಎರಡಾದರೆ ನಾಲ್ಕು ಪಟ್ಟು. ಸೊನ್ನೆಯಾದರೆ ಎಷ್ಟು ಹೆಚ್ಚಿಸಿದರೂ ವೇಗ ಇದ್ದಲ್ಲಿಯೇ. ಸಮೀಕರಣವನ್ನು ನೋಡಿ ಈ ಘಾತಗಳನ್ನು ಬರೆಯಲಾಗದು, ಪ್ರಯೋಗ ಮಾಡಿಯೇ ತಿಳಿಯಬೇಕು. ವಾಹನಗಳ ಹೊಗೆಯಲ್ಲಿ ಬರುವ ನೈಟ್ರಿಕ್ ಆಕ್ಸೈಡ್ ಆಮ್ಲಜನಕದೊಡನೆ ಸೇರಿ ನೈಟ್ರೋಜನ್ ಡೈಆಕ್ಸೈಡ್ ಆಗುವಾಗ, ನೈಟ್ರಿಕ್ ಆಕ್ಸೈಡಿನ ಆರ್ಡರ್ ಎರಡು, ಆಮ್ಲಜನಕದ್ದು ಒಂದು. ಇಲ್ಲಿ ಸಮೀಕರಣಕ್ಕೂ ಪ್ರಯೋಗಕ್ಕೂ ತಾಳೆಯಾಗುತ್ತದೆ. ಅದೇ ನೈಟ್ರೋಜನ್ ಡೈಆಕ್ಸೈಡ್ ಕಾರ್ಬನ್ ಮಾನಾಕ್ಸೈಡಿನೊಡನೆ ವರ್ತಿಸುವಾಗ ಸಮೀಕರಣದಲ್ಲಿ ಒಂದಕ್ಕೆ ಒಂದು. ಆದರೆ ತೀರ ಹೆಚ್ಚಲ್ಲದ ಉಷ್ಣತೆಯಲ್ಲಿ ಕಾರ್ಬನ್ ಮಾನಾಕ್ಸೈಡನ್ನು ಎಷ್ಟು ತುಂಬಿದರೂ ವೇಗ ಕದಲುವುದಿಲ್ಲ! ಏಕೆಂದರೆ ಈ ಕ್ರಿಯೆ ಎರಡು ಹಂತಗಳಲ್ಲಿ ನಡೆಯುತ್ತದೆ. ಮೊದಲು ನೈಟ್ರೋಜನ್ ಡೈಆಕ್ಸೈಡಿನ ಎರಡು ಅಣುಗಳು ತಮ್ಮತಮ್ಮಲ್ಲಿಯೇ ಡಿಕ್ಕಿ ಹೊಡೆದು ನೈಟ್ರೋಜನ್ ಟ್ರೈಆಕ್ಸೈಡ್ ಆಗಬೇಕು. ಇದು ನಿಧಾನದ ಹಂತ. ಆಮೇಲೆ ಅದರಿಂದ ಕಾರ್ಬನ್ ಮಾನಾಕ್ಸೈಡ್ ಒಂದು ಆಮ್ಲಜನಕ ಪರಮಾಣುವನ್ನು ಕಿತ್ತುಕೊಳ್ಳುವುದು ಕ್ಷಣಮಾತ್ರದ ಕೆಲಸ. ತಡವಾಗುವ ಹಂತದಲ್ಲಿ ಕಾರ್ಬನ್ ಮಾನಾಕ್ಸೈಡ್ ಇಲ್ಲವೇ ಇಲ್ಲ, ಆದ್ದರಿಂದ ಅದರ ಸಾರತೆ ಲೆಕ್ಕಕ್ಕೆ ಬರುವುದಿಲ್ಲ. ಕಣ್ಣಿಗೆ ಕಾಣದ ಅಣುಗಳು ಯಾವ ದಾರಿಯಲ್ಲಿ ಸಾಗಿದವು ಎಂಬುದನ್ನು ಬರಿಯ ಗಡಿಯಾರ ಮತ್ತು ಸಾರತೆಗಳಿಂದ ಪತ್ತೆ ಹಚ್ಚಬಹುದು ಎಂಬುದು ನನಗೆ ಇಂದಿಗೂ ಬೆರಗಿನ ಸಂಗತಿ.

ಸೊನ್ನೆ ಆರ್ಡರಿನ ಇನ್ನೊಂದು ನಿದರ್ಶನ ನಮ್ಮ ದೇಹದೊಳಗೇ ಇದೆ. ಮದ್ಯವನ್ನು ಯಕೃತ್ತಿನ ಕಿಣ್ವ (ದೇಹದ ಕ್ರಿಯಾವರ್ಧಕ) ಒಡೆಯುತ್ತದೆ. ರಕ್ತದಲ್ಲಿ ಮದ್ಯ ಸ್ವಲ್ಪ ಏರುತ್ತಲೇ ಆ ಕಿಣ್ವದ ಅಣುಗಳೆಲ್ಲ ಭರ್ತಿಯಾಗಿಬಿಡುತ್ತವೆ. ಆಮೇಲೆ ಸಾರತೆ ಎಷ್ಟೇ ಇರಲಿ, ಗಂಟೆಗೆ ಹೆಚ್ಚುಕಡಿಮೆ ನಿಗದಿತ ಪ್ರಮಾಣ ಮಾತ್ರ ಇಳಿಯುತ್ತದೆ. ಕಾಫಿ ಕುಡಿದರೂ ತಣ್ಣೀರಿನಲ್ಲಿ ಮಿಂದರೂ ಆ ವೇಗ ಹೆಚ್ಚುವುದಿಲ್ಲ, ಕಾಯುವುದೊಂದೇ ದಾರಿ. ಪ್ಯಾರಾಸಿಟಮಾಲ್ ಹಾಗಲ್ಲ: ಸಾಮಾನ್ಯ ಪ್ರಮಾಣದಲ್ಲಿ ಸೇವಿಸಿದಾಗ ಆರೋಗ್ಯವಂತರಲ್ಲಿ ಎರಡು–ಮೂರು ಗಂಟೆಗೊಮ್ಮೆ ಅದು ರಕ್ತದಲ್ಲಿ ಅರ್ಧಕ್ಕೆ ಇಳಿಯುತ್ತದೆ, ಸಕ್ಕರೆಯ ಪ್ರಯೋಗದಲ್ಲಿ ಕಂಡ ಹಾಗೆಯೇ. ಕಿಣ್ವಗಳು ಹೀಗೆ ಭರ್ತಿಯಾಗುವ ಲೆಕ್ಕವನ್ನು 1913ರಲ್ಲಿ ಲಿಯೊನರ್ ಮಿಖೇಲಿಸ್ ಮತ್ತು ಮಾಡ್ ಮೆಂಟನ್ ಬರೆದುಕೊಟ್ಟರು.

ಇನ್ನು ತುಕ್ಕಿನ ಲೆಕ್ಕ ಬಿಡಿಸೋಣ. ಕಬ್ಬಿಣ ತುಕ್ಕು ಹಿಡಿಯುವಾಗ ಅದರ ಮೈಯ ಒಂದು ಕಡೆ ಕಬ್ಬಿಣದ ಪರಮಾಣುಗಳು ಎಲೆಕ್ಟ್ರಾನ್ ಬಿಟ್ಟುಕೊಟ್ಟು ಕರಗುತ್ತವೆ. ಇನ್ನೊಂದು ಕಡೆ ನೀರಿನಲ್ಲಿ ಕರಗಿರುವ ಆಮ್ಲಜನಕ ಆ ಎಲೆಕ್ಟ್ರಾನ್‌ಗಳನ್ನು ತೆಗೆದುಕೊಳ್ಳುತ್ತದೆ. ನಡುವಿನ ನೀರಿನಲ್ಲಿ ವಿದ್ಯುತ್ತು ಹರಿಯಬೇಕು. ಉಪ್ಪು ತಾನು ಖರ್ಚಾಗುವುದಿಲ್ಲ, ಆದರೆ ನೀರಿನ ವಿದ್ಯುದ್ವಾಹಕತೆ ಹೆಚ್ಚಿಸುತ್ತದೆ, ಅದರ ಕ್ಲೋರೈಡ್ ಅಯಾನುಗಳು (ವಿದ್ಯುದಾವೇಶವಿರುವ ಕಣಗಳು) ಕಬ್ಬಿಣದ ಮೇಲಿನ ರಕ್ಷಣೆಯ ಪದರವನ್ನು ಕೆಡಿಸುತ್ತವೆ. ಹಾಗಾಗಿ ಸಿಹಿನೀರಿನಿಂದ ಕಡಲನೀರಿನತ್ತ ಹೋದಂತೆ ತುಕ್ಕಿನ ವೇಗ ಏರುತ್ತದೆ. ಆದರೆ ನೀರಿನಲ್ಲಿ ಉಪ್ಪು ಹೆಚ್ಚಿದಷ್ಟೂ ಆಮ್ಲಜನಕ ಕರಗುವುದು ಕಡಿಮೆಯಾಗುತ್ತದೆ. ಸುಮಾರು ಶೇಕಡಾ 3 ಉಪ್ಪಿನವರೆಗೆ ಮೊದಲನೆಯ ಪರಿಣಾಮದ ಕೈ ಮೇಲು. ಅಲ್ಲಿಂದಾಚೆಗೆ ಆಮ್ಲಜನಕದ ಕೊರತೆ ಗೆಲ್ಲುತ್ತದೆ. ಉಪ್ಪು ಪೂರ್ತಿ ತುಂಬಿದ ನೀರಿನಲ್ಲಿ, ಅಂದರೆ ಶೇಕಡಾ 26ರ ಹೊತ್ತಿಗೆ, ಆಮ್ಲಜನಕ ಎಷ್ಟು ಕಡಿಮೆಯೆಂದರೆ ತುಕ್ಕು ಸಿಹಿನೀರಿಗಿಂತಲೂ ನಿಧಾನ. ನಮ್ಮ ಕಡಲಿನ ಉಪ್ಪು ಸುಮಾರು ಶೇಕಡಾ 3.5. ತುಕ್ಕಿಗೆ ಅತಿ ಪ್ರಿಯವಾದ ಸಾರತೆಯ ಪಕ್ಕದಲ್ಲಿಯೇ ನಮ್ಮ ಬೋಟುಗಳು ತೇಲುತ್ತಿವೆ.

ನಿಜವಾದ ಕಡಿವಾಣ ಆಮ್ಲಜನಕದ ಕೈಯಲ್ಲಿದೆ ಎಂದು ತಿಳಿದರೆ ಮಲ್ಪೆ ಬಂದರಿನಲ್ಲಿ ಕಾಣುವ ಇನ್ನೊಂದು ಸಂಗತಿಯೂ ಅರ್ಥವಾಗುತ್ತದೆ. ಸದಾ ನೀರಿನೊಳಗೆ ಮುಳುಗಿರುವ ಕಬ್ಬಿಣಕ್ಕಿಂತ ಅಲೆ ಸಿಡಿದು ಒದ್ದೆಯಾಗುವ ಭಾಗ ಬೇಗ ಸವೆಯುತ್ತದೆ. ಅಲ್ಲಿ ಉಪ್ಪುನೀರಿನ ಪದರ ತೀರ ತೆಳು, ಗಾಳಿಯ ಆಮ್ಲಜನಕ ಅದನ್ನು ದಾಟಿ ಕಬ್ಬಿಣ ಮುಟ್ಟಲು ಹೊತ್ತು ಬೇಕಿಲ್ಲ. ಕಡಲತಡಿಯ ಮನೆಗಳ ಕಿಟಕಿ ಸರಳಿನ ಪಾಡೂ ಇದೇ.

ಆಮ್ಲಜನಕದ ಸಾರತೆ ಬದಲಾದರೆ ಏನಾಗಬಹುದು ಎಂಬುದಕ್ಕೆ ಅತಿ ದುಃಖದ ಸಾಕ್ಷಿ 1967ರ ಜನವರಿ 27ರದು. ಅಮೆರಿಕದ ಅಪೊಲೊ 1 ನೌಕೆ ನೆಲದ ಮೇಲೆಯೇ ಪರೀಕ್ಷೆಯಲ್ಲಿದ್ದಾಗ ಒಳಗೆ ಬೆಂಕಿ ಹೊತ್ತಿಕೊಂಡು ಮೂವರು ಗಗನಯಾತ್ರಿಗಳು ತೀರಿಕೊಂಡರು. ಒಳಗಿದ್ದದ್ದು ಶುದ್ಧ ಆಮ್ಲಜನಕ, ಅದೂ ಹೊರಗಿನ ಗಾಳಿಗಿಂತ ತುಸು ಹೆಚ್ಚಿನ ಒತ್ತಡದಲ್ಲಿ. ಮಾಮೂಲಿ ಗಾಳಿಯಲ್ಲಿ ಆಮ್ಲಜನಕ ಸುಮಾರು ಶೇಕಡಾ 21. ಉಳಿದ ಸಾರಜನಕ ಉರಿಯಲ್ಲಿ ಭಾಗವಹಿಸದೆ ಅದರ ಶಾಖವನ್ನು ಹೀರುತ್ತದೆ. ಆ ಸಾರಜನಕ ಇಲ್ಲವಾದಾಗ ಸಾರತೆ, ಉಷ್ಣತೆ ಎರಡೂ ಒಟ್ಟಿಗೆ ಏರುತ್ತವೆ. ಬೈಕಂಪಾಡಿಯ ಗ್ಯಾಸ್ ಕಟಿಂಗ್ ಶೆಡ್ಡುಗಳಲ್ಲಿ ಆಮ್ಲಜನಕದ ಸಿಲಿಂಡರಿನ ವಾಲ್ವಿಗೆ ಎಣ್ಣೆ, ಗ್ರೀಸ್ ತಾಗಿಸಬಾರದು ಎಂಬ ಕಟ್ಟುನಿಟ್ಟಿನ ಹಿಂದೆ ಇರುವುದೂ ಇದೇ ರಸಾಯನಶಾಸ್ತ್ರ.

ಹೆದ್ದಾರಿಯಲ್ಲಿ ಸಾಗುವ ಸಲ್ಫ್ಯೂರಿಕ್ ಆಮ್ಲದ ಟ್ಯಾಂಕರುಗಳನ್ನು ಗಮನಿಸಿದ್ದೀರಾ? ಶೇಕಡಾ 98ರಷ್ಟು ಪ್ರಬಲ ಆಮ್ಲವನ್ನು ಸಾಮಾನ್ಯ ಉಕ್ಕಿನ ಟ್ಯಾಂಕರಿನಲ್ಲಿಯೇ ಸಾಗಿಸುತ್ತಾರೆ. ಕಬ್ಬಿಣವನ್ನು ತಿನ್ನುವುದು ಆಮ್ಲದಿಂದ ಬಿಡುಗಡೆಯಾಗುವ ಜಲಜನಕ ಅಯಾನುಗಳು. ಅವು ಧಾರಾಳವಾಗಿ ಹುಟ್ಟಲು ನೀರು ಬೇಕು. ಅಷ್ಟು ಪ್ರಬಲ ಆಮ್ಲದಲ್ಲಿ ನೀರೇ ಇಲ್ಲವೆನ್ನಬಹುದು. ಜೊತೆಗೆ, ಹುಟ್ಟಿದ ಕಬ್ಬಿಣದ ಸಲ್ಫೇಟ್ ಆ ಆಮ್ಲದಲ್ಲಿ ಕರಗದೆ ಉಕ್ಕಿನ ಮೇಲೆ ಪದರವಾಗಿ ಕೂರುತ್ತದೆ. ಅದೇ ಆಮ್ಲಕ್ಕೆ ನೀರು ಸೇರಿ ಸಾರತೆ ಇಳಿದರೆ ಪದರ ಕರಗುತ್ತದೆ, ಉಕ್ಕು ಬಿರುಸಾಗಿ ಕರಗತೊಡಗುತ್ತದೆ, ಜಲಜನಕ ಅನಿಲ ಹೊರಬೀಳುತ್ತದೆ. ತುಂಬಿದ ಟ್ಯಾಂಕಿಗಿಂತ ಖಾಲಿ ಟ್ಯಾಂಕಿನ ಬಗ್ಗೆ ಹೆಚ್ಚು ಎಚ್ಚರ ಬೇಕಾಗುವುದು ಇದಕ್ಕೇ. ತಳದಲ್ಲಿ ಉಳಿದ ಆಮ್ಲ ನಮ್ಮ ಕರಾವಳಿಯ ತೇವದ ಗಾಳಿಯಿಂದ ನೀರು ಹೀರಿಕೊಂಡು ತೆಳುವಾಗುತ್ತದೆ, ಒಳಗೆ ಜಲಜನಕ ಸೇರಿಕೊಳ್ಳುತ್ತದೆ. ಅಂತಹ ಟ್ಯಾಂಕಿಗೆ ವೆಲ್ಡಿಂಗ್ ಕಿಡಿ ತಾಗಿದರೆ ಸ್ಫೋಟ. ಆದ್ದರಿಂದ ಒಳಗನ್ನು ಪೂರ್ತಿ ತೊಳೆದು, ಗಾಳಿ ಹಾಯಿಸಿ, ಅನಿಲಮಾಪಕದಿಂದ ಪರೀಕ್ಷಿಸಿ ಖಾತರಿಯಾದ ಮೇಲಷ್ಟೇ ದುರಸ್ತಿಯವರು ಅದರ ಮೇಲೆ ಕೆಲಸ ಆರಂಭಿಸಬೇಕು.